ಐವತ್ತು ಕೆ.ಬಿ.ಯೊಳಗೆ

ಪೊನ್ನಂಪೇಟೆಯ ನನ್ನ ಜೆರಾಕ್ಸ್ ಅಂಗಡಿಗೆ
ಬರುವವರೆಲ್ಲ ಅವಸರದವರು.
ಪಹಣಿ, ಆಧಾರ್, ಕೋವಿಯ ವಿನಾಯಿತಿ ಪತ್ರ,
ಚಿಲ್ಲರೆ ಇಟ್ಟು ಹೊರಟೇ ಬಿಡುತ್ತಾರೆ.
ಯಾಂಖೊ ಮಾತ್ರ ಕೂರುತ್ತಾಳೆ.
ಕೂರಲೇಬೇಕು, ಅವಳ ಕೆಲಸ ಹಾಗೆ.

ಫಾರೆಸ್ಟ್ರಿ ಕಾಲೇಜು, ಎಂ.ಎಸ್ಸಿ., ಎರಡನೇ ವರ್ಷ.
ಊರು ಮಲಾವಿಯ ಜೋಂಬಾ.
ಕರಿಮೆಣಸಿನ ಬಳ್ಳಿ ಸಿಲ್ವರ್ ಓಕನ್ನು ಹೆಚ್ಚು ನೆಚ್ಚುತ್ತದೋ
ಹಲಸನ್ನೋ ಎಂದು ಟೇಪು ಹಿಡಿದು ಅಳೆಯುತ್ತಾಳೆ.
ಹೇಳುವುದಕ್ಕೆ ಬಳ್ಳಿಗೆ ಇನ್ನೊಂದು ಮಳೆಗಾಲ ಬೇಕಂತೆ.
ವೀಸಾಕ್ಕೆ ಬೇಡ.
ಅದು ಆಗಸ್ಟ್ ಹನ್ನೆರಡಕ್ಕೆ ಮುಗಿಯುತ್ತದೆ.

ಫೋಟೊ ಐವತ್ತು ಕೆ.ಬಿ. ಮೀರಬಾರದು ಎನ್ನುತ್ತದೆ ಪೋರ್ಟಲ್ಲು.
ಅವಳ ಮುಖವನ್ನು ಕುಗ್ಗಿಸುತ್ತೇನೆ.
ತೊಂಬತ್ತಾರು. ಎಪ್ಪತ್ತು. ಐವತ್ತೆರಡು.
ಮೊದಲು ಹೋದದ್ದು ಕಿವಿಯೋಲೆ,
ಆಮೇಲೆ ಹುಬ್ಬಿನ ಮೇಲಿನ ಗಾಯದ ಗುರುತು.
ನಲವತ್ತೊಂಬತ್ತಕ್ಕೆ ಬಂದಾಗ ಪರದೆಯ ಮೇಲೆ
ಯಾರೋ ಒಬ್ಬಳು ಉಳಿದಿದ್ದಳು.
"ಇವಳು ನಾನಾ ಅಕ್ಕ?" ಎಂದಳು, ಕನ್ನಡದಲ್ಲೇ.
ಇಬ್ಬರೂ ನಕ್ಕೆವು. ಕರೆಂಟು ಹೋಯಿತು.

ಬಾಡಿಗೆ ಕೊಟ್ಟ ಬೊಳ್ಳಮ್ಮ ತಂದ ಕಾಗದದಲ್ಲಿ
ವಿದೇಶಿಯೊಂದಿಗೆ ನಿಮ್ಮ ಸಂಬಂಧ ಎಂಬ ಖಾನೆ.
ಪೆನ್ನು ಹಿಡಿದು ಬಹಳ ಹೊತ್ತು ನಿಂತರು.
ಮನೆಯ ಮಾಲೀಕಳು ಅಂತ ಬರೆಯಿರಿ ಎಂದೆ.
"ನನ್ನ ಪಂದಿ ಕರಿಗೆ ಉಪ್ಪು ನೋಡುವವಳು ಅವಳು,
ಅದಕ್ಕೆ ಏನಂತಾರೆ?"
ಮಾಲೀಕಳು ಅಂತಲೇ ಬರೆದೆವು.
ಖಾನೆ ಚಿಕ್ಕದಿತ್ತು.

ಮಡಿಕೇರಿಗೆ ನಾನೂ ಹೋದೆ, ಅಂಗಡಿಗೆ ಬೀಗ ಹಾಕಿ.
ಬಸ್ಸಿನಲ್ಲಿ ಪ್ಲಾಸ್ಟಿಕ್ ಫೈಲನ್ನು ತೊಡೆಯ ಮೇಲೆ
ಮಟ್ಟವಾಗಿ ಹಿಡಿದಿದ್ದಳು,
ತುಳುಕುವ ಸಾರಿನ ಪಾತ್ರೆ ಎಂಬಂತೆ.
ಮೂರ್ನಾಡಿನ ತಿರುವಿನಲ್ಲಿ ಒಂದೇ ಮಾತು:
"ಮನೆಗೆ ಹೇಳಿಲ್ಲ.
ಅಪ್ಪ ನನ್ನ ಫೀಸಿಗೆ ಎರಡು ಹೊಲ ಕೊಟ್ಟಿದ್ದಾರೆ."

ಎಸ್ಪಿ ಕಚೇರಿಯ ಪೇದೆ ಒಳ್ಳೆಯವನೇ.
ಬೆಂಚು ತೋರಿಸಿದ, ನೀರು ಕೊಟ್ಟ,
"ನಮ್ಮ ಕೈಲಿ ಏನೂ ಇಲ್ಲಮ್ಮ, ಎಲ್ಲಾ ಆನ್‌ಲೈನು" ಎಂದ.
ಆನ್‌ಲೈನಿನಲ್ಲಿ ಮೂರು ವಾರದಿಂದ ಒಂದೇ ಸಾಲು:
ಪ್ರಕ್ರಿಯೆಯಲ್ಲಿದೆ.

ಸಮಾಧಾನಕ್ಕೆಂದು ಬಾಯಿ ಬಿಟ್ಟೆ.
ಸಿಲ್ವರ್ ಓಕು ಆಸ್ಟ್ರೇಲಿಯಾದ್ದು, ನೀನೇ ಹೇಳಿದ್ದಲ್ವಾ,
ಈಗ ಅದಿಲ್ಲದ ತೋಟ ಉಂಟಾ ಇಲ್ಲಿ?
ಅವಳು ನನ್ನನ್ನೇ ನೋಡಿದಳು.
"ಅಕ್ಕ, ಮರಕ್ಕೆ ವಾಪಸು ಟಿಕೆಟ್ಟಿನ ರೇಟು
ಗೊತ್ತಿರುವುದಿಲ್ಲ."
ಅಂದಿನಿಂದ ಹೋಲಿಕೆ ಹೇಳುವುದು ಬಿಟ್ಟೆ.
ಗೋಣಿಕೊಪ್ಪಲಿನಲ್ಲಿ ಇಳಿದು ಬೋಂಡ ಕೊಡಿಸಿದೆ.

ಗೈಡ್ ಮೇಡಂ ಮತ್ತೊಂದು ಪತ್ರಕ್ಕೆ ಸಹಿ ಹಾಕಿದರು.
ನರ್ಸರಿಯ ಚೋಮಿಗೆ ಅಂಕಿ ಬರೆಯಲು ಬಾರದು,
ನಾವು ಮಡಿಕೇರಿಗೆ ಹೋದ ದಿನದ ಅಳತೆಯನ್ನು
ಬಾಳೆನಾರಿನಲ್ಲಿ ಗಂಟು ಹಾಕಿ ಇಟ್ಟಿದ್ದಳು,
ಒಂದೊಂದು ಬಳ್ಳಿಗೆ ಒಂದೊಂದು ನಾರು.
ಅದನ್ನು ಕೈಗೆ ಕೊಟ್ಟಾಗ ಯಾಂಖೊ ಅತ್ತಳು,
ಮಡಿಕೇರಿಯಲ್ಲಿ ಅಳದವಳು.

ಯಾಂಖೊ ಅಂದರೆ ಅವರ ಭಾಷೆಯಲ್ಲಿ ಉತ್ತರ.

ಸಂಜೆ ಶಟರ್ ಎಳೆಯುವ ಮುಂಚೆ
ಗಿರಾಕಿಗಳ ಫೈಲೆಲ್ಲ ಅಳಿಸುವುದು ನನ್ನ ರೂಢಿ.
ಊರಿನವರ ಗುಟ್ಟು ನನ್ನ ಮಿಷನ್ನಿನಲ್ಲಿ ಯಾಕೆ?
ಒಂದು ಫೋಲ್ಡರು ಮಾತ್ರ ಉಳಿದಿದೆ.
ಅದರಲ್ಲಿ ಕಳಿಸಿದ ಫೋಟೊ ಇದೆ,
ಕುಗ್ಗಿಸುವ ಮುಂಚಿನದೂ ಇದೆ: ಎರಡು ಎಂ.ಬಿ.,
ಓಲೆ, ಗಾಯದ ಗುರುತು,
ಏನೋ ಹೇಳಹೊರಟು ತಡೆದ ತುಟಿ.

ಇವತ್ತು ಒಂಬತ್ತನೇ ತಾರೀಕು.
ಬೆಳಗ್ಗೆ ನಾನು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು,
ಮೊಣಕಾಲಿನ ತನಕ ಕೆಸರು.
"ಹಲಸಿನ ಬಳ್ಳಿ ಹನ್ನೊಂದು ಸೆಂಟಿಮೀಟರ್ ಏರಿದೆ ಅಕ್ಕ."
ಮೊದಲು ಅದನ್ನು ಹೇಳಿದಳು.
ಆಮೇಲೆ ಕುರ್ಚಿ ಎಳೆದುಕೊಂಡಳು.
ನಾನು ಕಂಪ್ಯೂಟರ್ ಹಾಕಿದೆ.