ಎಡೆ

ಸಂಪಂಗಿ, ಇವತ್ತು ಸ್ಟಿಯರಿಂಗ್ ನಿನ್ನದು.
ನಾನು ಕ್ಲೀನರ್ ಸೀಟಿನಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತೇನೆ,
ಬಿಡಿಸುತ್ತ ಬೈಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಹಿಂದೆ ಮುನ್ನೂರು ಕ್ರೇಟು ಟೊಮೇಟೊ. ನಾಲ್ಕಕ್ಕೆ ಮುಂಚೆ
ಕೋಯಂಬೇಡು ಮುಟ್ಟದಿದ್ದರೆ ರೇಟು ಬಿದ್ದೀತೆಂದು
ಮಂಡಿಯ ಕದಿರಪ್ಪ ಶೂಳಗಿರಿ ದಾಟುವ ಮೊದಲೇ ಮೂರು ಸಲ ಫೋನು ಮಾಡಿದ.
ಮಾಡಲಿ. ಟೊಮೇಟೊಗೆ ಅವಸರವಿಲ್ಲ,
ಕೆಂಪಾಗಲು ಅದು ಎಪ್ಪತ್ತು ದಿನ ತೆಗೆದುಕೊಂಡಿದೆ.

ಎಡದ ಸಾಲು ಹಿಡಿ.
ಬಲದ ಸಾಲು ದಾಟಿ ಹೋಗುವವರದ್ದು,
ಅಲ್ಲೇ ಮನೆ ಕಟ್ಟುವವರದ್ದಲ್ಲ.
ನೋಡು ಆ ಹದಿನಾರು ಚಕ್ರದವನನ್ನು: ಗ್ರಾನೈಟು ಹೊತ್ತು
ಗಬ್ಬದ ಎಮ್ಮೆಯ ಹಾಗೆ ಬಲಗಡೆಯೇ ತೆವಳುತ್ತಾನೆ.
ಹಿಂದಿನ ಕಾರುಗಳು ಲೈಟು ಮಿಟುಕಿಸಿ ಮಿಟುಕಿಸಿ
ಕೊನೆಗೆ ಎಡದಿಂದ ನುಗ್ಗುತ್ತವೆ. ತಪ್ಪು ಯಾರದು?
ಮೊದಲು ಬಂದು ನೋಡುವವನು ಪೊಲೀಸಲ್ಲ, ಕ್ರೇನಿನವನು.

ಈಗ ಮುಂದಿನ ಬಸ್ಸು. ಅದರ ಬೆನ್ನ ಮೇಲಿನ ಸಣ್ಣಕ್ಷರ
ನಿನಗೆ ಓದಲು ಬರುತ್ತಿದೆಯೆ?
ಬಂದರೆ ತುಂಬ ಹತ್ತಿರವಿದ್ದೀ.

ಎಣಿಸು. ಬಸ್ಸಿನ ಬಾಲ ಆ ಕಿಲೋಮೀಟರ್ ಕಲ್ಲು ದಾಟಿದ ಕೂಡಲೇ,
ನಮ್ಮಜ್ಜಿ ರಾಗಿ ಅಳೆಯುತ್ತಿದ್ದ ಹಾಗೆ:
ಲಾಭ. ಎರಡು. ಮೂರು. ನಾಲ್ಕು.
ಒಂದು ಅನ್ನುತ್ತಲೇ ಇರಲಿಲ್ಲ ಅವಳು,
ಮೊದಲ ಸೇರಿಗೆ ಲಾಭವೆಂದೇ ಹೆಸರು.
ನಾಲ್ಕರೊಳಗೆ ನಮ್ಮ ಮೂತಿ ಕಲ್ಲಿಗೆ ಬಂತೋ, ಕಾಲು ತೆಗೆ.
ಬ್ರೇಕು ಬೇಡ. ಸುಮ್ಮನೆ ಕಾಲು ತೆಗೆ.
ಮಳೆ ಬಿದ್ದ ರಾತ್ರಿ ಕೊಳಗ ತುಂಬುವಷ್ಟು ಎಣಿಸು.

ನುಗ್ಗಿದನಲ್ಲ! ನೀನು ಬಿಟ್ಟ ಜಾಗಕ್ಕೆ ಬಿಳಿ ಕಾರು.
ನುಗ್ಗಲಿ. ಮತ್ತೆ ಲಾಭದಿಂದ ಶುರು ಮಾಡು.
ಇನ್ನೊಬ್ಬ ಬರುತ್ತಾನೆ, ಅವನಿಗೂ ಅಷ್ಟೆ.
ರಾತ್ರಿಯಿಡೀ ಹೀಗೆ ಮೊದಲ ಸೇರನ್ನೇ ಅಳೆಯುತ್ತ ಹೋದರೂ
ಇಪ್ಪತ್ತು ನಿಮಿಷ ತಡ. ನಾನು ಲೆಕ್ಕ ಹಾಕಿದ್ದೇನೆ.

ಮೇಲುಮಲೈ ಇಳಿಜಾರು. ಗೇರು ಇಳಿಸು.
ಆ ಹಳದಿ ಬೋರ್ಡಿನಲ್ಲಿ ಏನೋ ಇದೆಯಲ್ಲ, ಇಡೈವೆಳಿ ಅಂತ.
ನಾನು ಏಳನೇ ಕ್ಲಾಸು ಓದಿದ್ದು ಬಾಗಲೂರಿನ ಕನ್ನಡ ಶಾಲೆಯಲ್ಲಿ;
ತಮಿಳು ಕಲಿತದ್ದು ಇಂಥ ಬೋರ್ಡುಗಳಿಂದ, ಟೀ ಅಂಗಡಿ ಗೋಡೆಗಳಿಂದ.
ಅವರ ಇಡೈ ನಮ್ಮ ಎಡೆ.
ಇಬ್ಬರ ನಡುವೆ ಇರಬೇಕಾದ ಬಯಲು.
ಎಡಕ್ಕೂ ಎಡೆಗೂ ಒಂದು ಎತ್ವದ ವ್ಯತ್ಯಾಸ,
ಎರಡೂ ಗೊತ್ತಿದ್ದವನು ಮುದುಕನಾಗುತ್ತಾನೆ

ಅನ್ನುತ್ತಿದ್ದವನು ಗುಳ್ಳಪ್ಪ. ನನಗೆ ಕಲಿಸಿದವನು.
ಇಲ್ಲೇ, ಈ ತಿರುವು ಇಳಿದ ಮೇಲೆ. ಮುಂದೆ ಸರಳು ಹೇರಿದ ಲಾರಿ,
ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿರಲಿಲ್ಲ.
ಹೆಂಡತಿಯ ಫೋನೋ, ಜೊಂಪೋ, ರೇಟೋ.
ನಾನು ಈ ಸೀಟಿನಲ್ಲೇ ಇದ್ದೆ.
ನಿದ್ದೆ ಮಾಡುತ್ತಿದ್ದೆ.

ಕಡ್ಲೆಕಾಯಿ ಯಾಕೆಂದು ಕೇಳಿದೆಯಲ್ಲ ಮೊನ್ನೆ.

ಮಹಾಲಯಕ್ಕೆ ಅವನ ಮನೆಯಲ್ಲಿ ಎಡೆ ಇಡುತ್ತಾರೆ:
ಮುದ್ದೆ, ಹುರುಳಿ ಬಸ್ಸಾರು, ಒಂದು ಕಟ್ಟು ಬೀಡಿ,
ಅವನ ಲೈಸೆನ್ಸು ಕೂಡ, ಎಲೆಯ ಪಕ್ಕಕ್ಕೆ.
ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುತ್ತೇವೆ.
ಆ ಎಲೆಯ ಮುಂದೆ ಎಷ್ಟು ಜಾಗ, ಸಂಪಂಗಿ,
ಒಬ್ಬನೂ ನುಗ್ಗುವುದಿಲ್ಲ.

ಬಸ್ಸು ದೂರವಾಯಿತು. ಹಾಗೇ ಇರು.
ಇಗೋ, ನಾಲ್ಕು ಬೀಜ. ಬಾಯಿ ತೆಗೆ,
ಕೈ ಅಲ್ಲೇ ಇರಲಿ.