ಡ್ರಮ್ಮಿನೊಳಗೆ ಗೋಣಿಚೀಲ

ದೊಡ್ಡ ಡ್ರಮ್ಮು ಹಾಗೇ ಬಿಟ್ಟರೆ ಗುಂಯ್ಯೆನ್ನುತ್ತದೆ.
ಅದರ ಹೊಟ್ಟೆಗೆ ನಾನು
ಆಲೂಗಡ್ಡೆ ಮಂಡಿಯ ಹಳೇ ಗೋಣಿಚೀಲ ತುರುಕುತ್ತೇನೆ,
ಮಣ್ಣು ಕೊಡವದೆ.
ಆಗ ಬರುವುದು ಸದ್ದಲ್ಲ, ಏಟು.
ಇಪ್ಪತ್ತೆರಡು ವರ್ಷದಿಂದ ಹಾಸನದಲ್ಲಿ ಮೈಕ್‌ಸೆಟ್ಟು ನನ್ನದು:
ನಾಮಕರಣ, ಎಲೆಕ್ಷನ್ನು, ತಿಥಿ,
ವರ್ಷಕ್ಕೊಮ್ಮೆ ಸಾಲಗಾಮೆ ರಸ್ತೆಯ ಕಾಲೇಜಿನ ರಾಕು.

ಅವತ್ತು ಹಾಡುವವನು ನಿಶ್ಚಲ್.
ಬೈಗುಳಕ್ಕೂ ಕನ್ನಡ ಬಳಸದವನು
ಮೂರನೆಯ ಹಾಡಿಗೆ ಮುಂಚೆ ಯಾಕೋ ಕನ್ನಡಕ್ಕಿಳಿದ:
"ಈ ಹಾಡು ಕಟ್ಟಿದವರು ಕರಿಯರು.
ಹತ್ತಿ ಹೊಲದಲ್ಲಿ ಬೆನ್ನು ಸುಲಿಸಿಕೊಂಡವರ ಮೊಮ್ಮಕ್ಕಳು.
ಹಾಡಿ ದುಡ್ಡು ಎಣಿಸಿದವರು ಬಿಳಿಯರು.
ತಾವೇ ನುಡಿಸುವ ಹೋಟೆಲಿಗೆ
ಕಟ್ಟಿದವರು ಹಿಂಬಾಗಿಲಿಂದ ಬರಬೇಕಿತ್ತು, ಗೊತ್ತಾ?"
ಗ್ರೌಂಡಿಗೆ ಗ್ರೌಂಡೇ ಅಯ್ಯೋ ಅಂದಿತು.
ಎರಡು ಸಾವಿರ ಮೊಬೈಲು ದೀಪ ಎತ್ತಿ
ಸಮುದ್ರದಾಚೆಯ ಬಾಗಿಲಿಗಾಗಿ ಮರುಗಿತು.
ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಂಡಳು,
ನಿಜವಾಗಿ.
ನಾನು ಮಿಕ್ಸರಿನ ಹಿಂದೆ ಕೂತು
ಡ್ರಮ್ಮಿನ ಗುಂಡಿ ಅರ್ಧ ಬೆರಳು ಮೇಲೆ ಸರಿಸಿದೆ.

ಬಾರಿಸುವವನು ಕೊನೇ ವರ್ಷದ ಸಿವಿಲ್, ಬೈರೇಶ.
ಪೋಸ್ಟರಿನಲ್ಲಿ ಬರೀ 'ರೇಶ್'.
ಹಾಡಿನ ನಡುವೆ ಗಿಟಾರಿನ ತಂತಿ ಹರಿಯಿತು.
ಕಟ್ಟುವ ತನಕ ತುಂಬಬೇಕಲ್ಲ, ತುಂಬಿದ.
ಮೊದಲು ಎಲ್ಲರೂ ಬಾರಿಸುವುದನ್ನೇ ಬಾರಿಸಿದ.
ಆಮೇಲೆ ಎಡಗೈ ಸಣ್ಣಗೆ ಅಂಚಿಗೆ ಸರಿಯಿತು,
ಬಲಗೈ ನಡುವಿಗೆ.
ಜಕ್ಕಣಕ ಜಕ್ಕ, ಒಂದು ತಡೆ, ಜಕ್ಕಣಕ ಜಕ್ಕ,
ಹೆಜ್ಜೆ ಹಾಕಿ ನಿಂತು, ಹೆಜ್ಜೆ ಹಾಕಿ ನಿಂತು,
ಹೆಗಲು ಬದಲಿಸುವಷ್ಟು ಹೊತ್ತು ನಿಂತು.

ನನ್ನ ಕತ್ತಿನ ಕೂದಲು ನಿಮಿರಿತು.
ಅದು ಚಟ್ಟದ ನಡೆ.
ನಮ್ಮಪ್ಪನನ್ನು ಕಟ್ಟಾಯದ ಹೊಲದ ತನಕ ಒಯ್ದ ನಡೆ.
ಆ ದಿನ ರಾಗಿಹುಲ್ಲು ಉರಿಸಿ ತಮಟೆ ಕಾಯಿಸಿಕೊಳ್ಳುತ್ತ
ನಾಲ್ವರು ಬೇಲಿಯಾಚೆ ಕೂತಿದ್ದರು.
ನೀರು ಕೇಳಿದರು.
ನನಗೆ ಹದಿನೇಳು. ಚೊಂಬು ಎತ್ತಿ ಹಿಡಿದು
ಬೊಗಸೆಗೆ ಸುರಿದವನು ನಾನೇ.
ಎಷ್ಟು ಎತ್ತರದಿಂದ ಸುರಿಯಬೇಕೆಂದು
ಯಾರೂ ಹೇಳಿಕೊಟ್ಟಿರಲಿಲ್ಲ; ತೋಳಿಗೆ ಗೊತ್ತಿತ್ತು.

ಗ್ರೌಂಡಿನಲ್ಲಿ ಹುಚ್ಚೆದ್ದು ಕುಣಿದರು.
ಒಬ್ಬರ ಹೆಗಲಿಗೊಬ್ಬರು ಏರಿ, ಅಂಗಿ ಕಳಚಿ ಬೀಸಿ
ಒನ್ಸ್ ಮೋರ್, ಒನ್ಸ್ ಮೋರ್.
ಸಾವಿಗೆ ಯಾರಾದರೂ ಒನ್ಸ್ ಮೋರ್ ಅನ್ನುತ್ತಾರಾ?
ಅಂದರು.
ಊರಲ್ಲಿ ಇದೇ ಕೇಳಿದರೆ ಕಿಟಕಿ ಹಾಕಿಕೊಳ್ಳುವ ಮನೆಗಳ ಮಕ್ಕಳು.
ನಮ್ಮಣ್ಣನ ಮಗನೂ ಇದ್ದ,
ಎದೆಯ ಮೇಲೆ ಎಂದೋ ಸತ್ತ ಕರಿಯ ಗಿಟಾರಿಗನ ಮುಖ,
ಬೆವರಿಗೆ ಅದೂ ನಕ್ಕ ಹಾಗಿತ್ತು.

ಕ್ಯಾಂಟೀನಿನ ಬಾಗಿಲಲ್ಲಿ ತಟ್ಟೆ ತೊಳೆಯುವ ದೇವೀರಮ್ಮ
ಒದ್ದೆ ಕೈ ಒರೆಸುವುದನ್ನೂ ಮರೆತು ನಿಂತಿದ್ದಳು.
ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.
ಅವಳೇ ಮೊದಲು ನೋಟ ಇಳಿಸಿದಳು.
ಅದೂ ರೂಢಿ.

ಎಲ್ಲ ಮುಗಿದು ವೈರು ಸುತ್ತುವಾಗ ಕೇಳಿದೆ:
"ನಡುವೆ ಬಾರಿಸಿದೆಯಲ್ಲ, ಎಲ್ಲಿ ಕಲಿತೆ?"
ಅವನು ನನ್ನನ್ನು ನೋಡಿದ, ವ್ಯಾನಿನ ಮೇಲಿನ ಹೆಸರು ನೋಡಿದ.
ಹೆಸರಿನ ತುದಿಗೆ 'ಗೌಡ' ಅಂತ ನಾನೇ ಬರೆಸಿದ್ದು, ಕೆಂಪಕ್ಷರದಲ್ಲಿ.
"ವಿಡಿಯೋ ನೋಡಿ, ಸರ್. ಆಫ್ರಿಕಾದ್ದು."
"ಚೆನ್ನಾಗಿತ್ತು" ಅಂದೆ.
ತಾತನ ಹೆಸರು ಕೇಳಬಹುದಿತ್ತು.
ಕೇಳಿದ್ದರೆ ಅದು ವಿಚಾರಣೆ.
ಆ ಪ್ರಶ್ನೆಯನ್ನು ಪ್ರೀತಿಯಿಂದ ಕೇಳುವ ದನಿ
ನನ್ನ ಯಾವ ಮೈಕಿಗೂ ಇನ್ನೂ ಬಂದಿಲ್ಲ.

ಖಜಾಂಚಿ ಹುಡುಗ ಚೌಕಾಸಿಗೆ ನಿಂತ:
"ಡ್ರಮ್ಮಿಗೆ ಮೈಕೇ ಬೇಕಿರಲಿಲ್ಲ ಅಣ್ಣ, ನಾನೂರು ಬಿಡಿ."
ಬಿಟ್ಟೆ.
ಡ್ರಮ್ಮು ಬಿಚ್ಚಿ ಗೋಣಿಚೀಲ ಎಳೆದೆ.
ಅದರ ಮಣ್ಣೆಲ್ಲ ಉದುರಿ, ಸ್ಟೇಜಿನ ಕಾರ್ಪೆಟ್ಟಿನ ಮೇಲೆ
ಒಂದು ಹಿಡಿಯಷ್ಟು ಬಿತ್ತು,
ಗುಂಡಿಗೆ ಹಾಕಿ ತಿರುಗಿ ನೋಡದೆ ಬರುತ್ತೇವಲ್ಲ,
ಅಷ್ಟು.