ಲೈನಿಂಗ್ ಬಟ್ಟೆ

ಕೋಟಿನ ಗುಂಡಿಯಷ್ಟಗಲ ಒಂದು ಬಿಳಿ ಬಿಲ್ಲೆ,
ಎಡತೋಳಿನ ಹಿಂಬದಿಗೆ ಹದಿನಾಲ್ಕು ದಿನದ ಬಾಡಿಗೆಗೆ ಬಂದದ್ದು.
ನಾಲ್ಕನೇ ದಿನ ಸುತ್ತಲೂ ಕೆಂಪು ಅಂಚು ಕಟ್ಟಿತು,
ಆರನೇ ದಿನ ಸಾಸಿವೆಯಂಥ ಗುಳ್ಳೆ,
ತುರಿಕೆ.
ತುರಿಸುವಂತಿಲ್ಲ. ಉಗುರು ತಾಕಿ ಬಿಲ್ಲೆ ಕಿತ್ತು ಬಂದರೆ
ನಾಲ್ಕು ಸಾವಿರ ಚಿಲ್ಲರೆ ನೆಲದ ಪಾಲು:
ಲೈನಿಂಗ್ ಹಾಕಿ ಕೊಕ್ಕೆ ಕಟ್ಟಿದ ಹದಿಮೂರು ಬ್ಲೌಸು.

ಮೈಸೂರಿನ ಅಗ್ರಹಾರದ ಸರ್ಕಲ್ಲು ದಾಟಿದರೆ ನನ್ನ ಅಂಗಡಿ.
ನಾಲ್ಕು ಬೀದಿಯ ತೋಳುಗಳೆಲ್ಲ ನನ್ನ ನೋಟುಬುಕ್ಕಿನಲ್ಲಿವೆ.
ಯಾರದು ಬಾಣಂತನದಲ್ಲಿ ಎರಡಿಂಚು ಹಿಗ್ಗಿತು,
ಯಾರದು ಹೇಳಿಕೊಳ್ಳದ ಚಿಂತೆಗೆ ಒಂದೂವರೆ ಇಳಿಯಿತು,
ಬರೆದುಕೊಳ್ಳುತ್ತೇನೆ, ಬಾಯಿ ಬಿಡುವುದಿಲ್ಲ.
ಈಗ ಟೇಪು ಹಿಡಿದರೆ ಅವರೇ ನನ್ನ ತೋಳು ಓದುತ್ತಾರೆ.
'ಏನ್ ನೀಲಕ್ಕ, ಸುಟ್ಕೊಂಡ್ರಾ?'
'ಹೂಂ, ಇಸ್ತ್ರಿ ಪೆಟ್ಟಿಗೆ.'
ಸುಳ್ಳೂ ಅಷ್ಟೇ, ಮ್ಯಾಚಿಂಗ್ ಇರಬೇಕು.

ಕಿತ್ತು ಬಿಸಾಡೋಣ ಅನ್ನಿಸಿದ ರಾತ್ರಿಯೇ
ಮೂರು ಗಂಟೆಗೆ ಫೋನು ಬೊಗಳಿತು.
ಐವತ್ತೆರಡು.
ಬೆವರಲ್ಲಿ ನೆಂದ ದಿಂಬು, ಕೈಗೆ ಸಿಗದ ಸ್ವಿಚ್ಚು,
ಕತ್ತಲಲ್ಲೇ ಡಬ್ಬಿ ತಡಕಿ ಸಕ್ಕರೆ ಮುಕ್ಕಿದೆ,
ಅರ್ಧ ಬಾಯಿಗೆ, ಅರ್ಧ ಇರುವೆಗೆ.
ತೊಂಬತ್ತಕ್ಕೆ ಏರುವ ತನಕ
ಅಡುಗೆಮನೆಯ ನೆಲದಲ್ಲೇ ಕೂತು
ಬಿಲ್ಲೆಯ ಸುತ್ತ, ಅದನ್ನು ಮುಟ್ಟದೆ, ಮೆಲ್ಲಗೆ ಕೆರೆದುಕೊಂಡೆ.

ಬನ್ನೂರಿನ ಅಜ್ಜಿಯ ತೋಳಿನಲ್ಲಿ ದಾಕಿನ ಗುಳಿ ಎರಡಿದ್ದವು.
ಕಿರುಬೆರಳಿಟ್ಟು ಆಡುತ್ತಿದ್ದೆ.
'ನೋವಾಗ್ಲಿಲ್ವಾ ಅಜ್ಜಿ?'
'ತಿಂಗ್ಳು ತುರಿಸ್ತು ಕಣವ್ವ. ಕೀವಾಯ್ತು.
ನಮ್ಮಕ್ಕ, ದಾಕಿನವ್ರು ಬಂದಾಗ ಹುಲ್ಲಿನ ಮೆದೆ ಹಿಂದೆ ಅವಿತ್ಕೊಂಡ್ಳು.'
ಅಷ್ಟು ಹೇಳಿ ಎಲೆಗೆ ಸುಣ್ಣ ಸವರಿಕೊಂಡಳು.
ಆ ಅಕ್ಕನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಚರ್ಮದ ಡಾಕ್ಟರು ಕನ್ನಡಕ ಏರಿಸಿ ನೋಡಿ
'ಸೂಜಿಯದಲ್ಲಮ್ಮ, ಅಂಟಿನದು' ಅಂದರು.
ಸರಿಯೇ ಅಂದುಕೊಂಡೆ.
ಇಪ್ಪತ್ತಾರು ವರ್ಷದಿಂದ ಸೂಜಿ ನನಗೆ ಮೋಸ ಮಾಡಿಲ್ಲ,
ಹೊಟ್ಟೆಗೆ ಚುಚ್ಚಿದ್ದೂ, ಬಟ್ಟೆಗೆ ಚುಚ್ಚಿದ್ದೂ.
ಅಂಟಿಸಿದ್ದನ್ನು ನಂಬಬೇಡ, ಹೊಲಿದದ್ದನ್ನು ನಂಬು
ಅಂತ ಕೆಲಸ ಕಲಿಸಿದ ಮಾಸ್ತರರು ಹೇಳುತ್ತಿದ್ದರು.
ಅವರು ಹೇಳಿದ್ದು ಕಾಲರಿನ ಬಗ್ಗೆ.

ಡಾಕ್ಟರು ಬರೆದುಕೊಟ್ಟ ತೆಳು ಪಟ್ಟಿ, ಗಾಯಕ್ಕೆ ಹಾಕುವಂಥದ್ದು,
ಮೇಜಿನ ಮೇಲೆ ಹರಡಿದಾಗ ಹೊಳೆಯಿತು:
ಜರಿ ಚುಚ್ಚುತ್ತೆ ಅಂದವರಿಗೆಲ್ಲ
ಮಲ್ ಬಟ್ಟೆಯ ಲೈನಿಂಗ್ ಕೊಟ್ಟವಳು,
ನನ್ನ ಚರ್ಮಕ್ಕೆ ಮಾತ್ರ ಯಾಕೆ ಹಾಗೇ ಹೊದಿಸಿದೆ?
ಹಿಂದಿನ ಕಾಗದದ ಮೇಲೆ ಗುರುತು ಮಾಡಿ
ಚಿಕ್ಕ ಕತ್ತರಿಯಲ್ಲಿ ನಡುವೆ ಒಂದು ಕಾಜಾ ತೆಗೆದೆ,
ಒಳಗಿನ ಎಳೆ ಇಳಿಯುವಷ್ಟು.
ಹಳೆಯ ಬಿಲ್ಲೆಯನ್ನು ಕೊಬ್ಬರಿ ಎಣ್ಣೆ ಸವರಿ,
ತಪ್ಪು ಹೊಲಿಗೆ ಬಿಚ್ಚುವ ತಾಳ್ಮೆಯಲ್ಲಿ ಬಿಡಿಸಿದೆ.
ಎಡತೋಳಿಗೆ ತಿಂಗಳು ರಜ.
ಬಲತೋಳನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು,
ಫ್ಯಾನಿಗೊಡ್ಡಿ, ಒಣಗುವ ತನಕ ಕಾದೆ.
ಕಾಯುವುದೇ ಕಷ್ಟದ ಕೆಲಸ.

ಕೆಂಪು ಬಂತು. ಆದರೆ ಹತ್ತನೇ ದಿನ ಬಂತು.
ಆರು ದಿನ ಮಿಕ್ಕಿತು,
ಮೀಟರು ಬಟ್ಟೆಯಲ್ಲಿ ಒಂದು ತೋಳು ಮಿಕ್ಕಿದ ಹಾಗೆ.

ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು
ಅಕ್ಕನ ಮದುವೆಗೆ ಬ್ಲೌಸು ಹಿಡಿದು ಬಂದಳು.
'ಆಂಟಿ, ಎಡಗೈ ಒಂದೇ ಅರ್ಧ ಇಂಚು ಸಡಿಲ ಇರ್ಲಿ.'
ಯಾಕೆ ಅನ್ನಲಿಲ್ಲ.
ಟೇಪು ಸುತ್ತುವಾಗ ತುಟಿ ಕಚ್ಚಿದಳು.
ದುಪಟ್ಟಾದಡಿ ನನ್ನ ಬಿಲ್ಲೆಯ ತಂಗಿ, ಅದೇ ಕೆಂಪು ಅಂಚು.
'ಇಸ್ತ್ರಿ ಪೆಟ್ಟಿಗೆನಾ?' ಅಂದೆ.
'ಹೂಂ' ಅಂದಳು.
ಸೆರಗು ಸರಿಸಿ ನನ್ನ ಬಲತೋಳು ತೋರಿಸಿದೆ.

ರಾತ್ರಿ ಎರಡು ಪಟ್ಟಿ ಕತ್ತರಿಸಿದೆ.
ನೋಟುಬುಕ್ಕಿನಲ್ಲಿ: ತನ್ಮಯಿ, ತೋಳು ಹತ್ತೂಕಾಲು,
ಎಡ ಅರ್ಧ ಇಂಚು ಸಡಿಲ,
ಗುರುವಾರ ಟ್ರಯಲ್.